ಹೊಕ್ಕುಳಬಳ್ಳಿ ಹೂತ ಜಾಗ

ನಾಸೋ, ಬಹಾಮಾ
ಫೆಬ್ರವರಿ, ಎರಡನೇ ಭಾನುವಾರ

ಪ್ರೀತಿಯ ಅನಾಯಿಸಕ್ಕನಿಗೆ,

ನಿನ್ನ ಮಂಡಿನೋವು ಇಳಿದಿದೆ, ಅಂಗಳದ ಕೋಳಿಗಳನ್ನು ಪಕ್ಕದ ಮನೆಯ ನಾಯಿ ಇನ್ನೂ ಪೂರ್ತಿ ಮುಗಿಸಿಲ್ಲ ಎಂದು ನಂಬಿಕೊಂಡು ಈ ಕಾಗದ ಬರೆಯುತ್ತಿದ್ದೇನೆ. ಹೊಸ ವರ್ಷದ ಕುಂಬಳಕಾಯಿ ಸಾರು ಕುಡಿದ ದಿನವೇ ಬರೆಯಬೇಕಿತ್ತು. ಬರೆಯಲಿಲ್ಲ. ಬೈದುಕೋ ಅಕ್ಕ, ಎದುರಾಡುವುದಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ಮಾತ್ರ ಕೇಳಬೇಡ. ನಾನು ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನೆಲ್ಲ ನೀನು ಅಂಗಳದ ನಡುವೆ ಕುರ್ಚಿ ಹಾಕಿಕೊಂಡು ಊರಿಗೇ ಕೇಳಿಸುತ್ತೀಯ. ಹೋದ ಸಲ ನನ್ನ ಮೂಲವ್ಯಾಧಿಯ ಸಮಾಚಾರ ಸೆಂ-ಲೂಯಿಯ ಸಂತೆಯವರೆಗೂ ಹೋಗಿತ್ತು. ಅದೂ ಅಲ್ಲದೆ ಇಲ್ಲಿ ಈಗ ಫೋನಿಗೂ ಕಿವಿ ಬಂದಿದೆ ಎನ್ನುತ್ತಾರೆ. ಎಕ್ಸಿಲ್ಯುಸಣ್ಣ ಮಂಗಳವಾರದ ವಿಮಾನಕ್ಕೆ ಹೈಟಿಗೆ, ನಮ್ಮೂರಿಗೆ ಬರುತ್ತಿದ್ದಾನೆ, ಅವನ ಕೈಗೆ ಕೊಡುತ್ತೇನೆ. ಲಕೋಟೆಯ ನಾಲ್ಕೂ ಅಂಚಿಗೆ ಅಂಟು ಹಚ್ಚಿರುತ್ತೇನೆ. ಎಲ್ಲಾದರೂ ಬಿಚ್ಚಿ ಮತ್ತೆ ಅಂಟಿಸಿದ ಹಾಗೆ ಕಂಡರೆ ತಿಳಿಸು. ಎಕ್ಸಿಲ್ಯುಸಣ್ಣ ಒಳ್ಳೆಯವನೇ. ಆದರೆ ಈಗ ಯಾರನ್ನು ಒಳ್ಳೆಯವರು ಅನ್ನುವುದು ಹೇಳು.

ನಾನು ಹೋಟೆಲ್ಲಿನ ಚಾದರ ಇಸ್ತ್ರಿ ಮಾಡುವ ಕೆಲಸದಲ್ಲೇ ಇದ್ದೇನೆ. ಮೈಯಲ್ಲಿ ಆರಾಮ. ಮನಸ್ಸಿನದ್ದು ಬೇರೆ ಮಾತು.

ನಮ್ಮ ವಿದ್ಲೀನ್‌ಗೆ ಹದಿನೆಂಟು ತುಂಬಿದ್ದು ನಿನಗೆ ಗೊತ್ತು. ಇಲ್ಲಿ ಹುಟ್ಟಿ, ಇಲ್ಲೇ ಓದಿ, ಇಲ್ಲಿಯವರ ಹಾಗೇ ಮೂಗಿನಲ್ಲಿ ಇಂಗ್ಲಿಷ್ ಮಾತಾಡಿದರೂ ಹೆತ್ತವರು ಹೊರಗಿನವರಾದರೆ ಮಗು ತಾನಾಗಿ ಈ ದೇಶದ್ದಾಗುವುದಿಲ್ಲ. ಹದಿನೆಂಟಾದ ಮೇಲೆ ಅರ್ಜಿ ಹಾಕಿ ಕೇಳಿಕೊಳ್ಳಬೇಕು. ಹಾಕಿದೆವು. ಪೌರತ್ವ ಕೈಗೆ ಬಂದರೆ ನರ್ಸ್ ಓದಿಗೆ ಸೇರಿಸಿಕೊಳ್ಳುತ್ತಾರೆ. ಬಾರದಿದ್ದರೆ ಒಂದು ದಿನ ಬಸ್ ನಿಲ್ದಾಣದಲ್ಲಿ ಹಿಡಿದು, ಅವಳು ಕಣ್ಣಿಂದಲೂ ಕಂಡಿರದ ಹೈಟಿಗೆ ವಿಮಾನ ಹತ್ತಿಸುತ್ತಾರೆ. ಈಗ ಆ ಅರ್ಜಿಯ ಬಾಗಿಲನ್ನೂ ಕಿರಿದು ಮಾಡುವ ಹೊಸ ಕಾನೂನು ತರುತ್ತಾರಂತೆ. ಪಾದ್ರಿ ಒಂದು ಹೇಳುತ್ತಾರೆ, ರೇಡಿಯೋ ಒಂದು ಹೇಳುತ್ತದೆ, ಇಸ್ತ್ರಿ ಕೋಣೆಯಲ್ಲಿ ಹತ್ತು ಹೆಂಗಸರು ಹತ್ತು ಹೇಳುತ್ತಾರೆ. ಹಳೆಯ ಅರ್ಜಿಗಳ ಗತಿ ಏನೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿರುವವರು ಬಾಯಿ ಬಿಡುವುದಿಲ್ಲ.

ಕ್ರಿಸ್‌ಮಸ್‌ಗೆ ಮೊದಲು ಪೌರತ್ವದ ಕಚೇರಿಯವರು ವಿದ್ಲೀನ್‌ಳನ್ನು ವಿಚಾರಣೆಗೆ ಕರೆದಿದ್ದರು. ಅವಳೊಬ್ಬಳನ್ನೇ ಒಳಗೆ ಬಿಟ್ಟು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಹೊರಗೆ ಬಂದವಳು ನಗುತ್ತಿದ್ದಳು. "ಸುಲಭ ಇತ್ತಮ್ಮಾ," ಎಂದಳು. ಬಸ್ಸಿನಲ್ಲಿ ಬರುವಾಗ ಮಾತ್ರ ಸುಮ್ಮನಾದಳು. ಬಿಸಿಲು ಎಂದುಕೊಂಡೆ. ಹೋದ ತಿಂಗಳು ಮತ್ತೆ ಕರೆಸಿದರು. ಕಿಟಕಿಯ ಹಿಂದೆ ಉಗುರಿಗೆ ಕಿತ್ತಳೆ ಬಣ್ಣ ಹಚ್ಚಿದ ಒಬ್ಬ ಹೆಂಗಸು. ನಮ್ಮ ಮುಖ ಕೂಡ ನೋಡಲಿಲ್ಲ.

"ಫೈಲ್ ಪಕ್ಕಕ್ಕಿಟ್ಟಿದೆ. ಈ ಹುಡುಗಿ ಹೈಟಿಯಲ್ಲಿ ಹುಟ್ಟಿದವಳು ಅಂತ ಗೊತ್ತಾಗಿದೆ."

"ಅಯ್ಯೋ ಯಾರಮ್ಮಾ ಹೇಳಿದ್ದು? ಇಲ್ಲೇ ಆಸ್ಪತ್ರೇಲಿ ಹೆತ್ತಿದ್ದೀನಿ. ಜನನ ಪತ್ರ ನಿಮ್ಮ ಹತ್ರಾನೇ ಇದೆಯಲ್ಲ!"

"ಪತ್ರ ಇದೆ. ಅದು ಇವಳದ್ದೇ ಅಂತ ಏನು ಗ್ಯಾರಂಟಿ? ಒಂದು ಮಗು ಪತ್ರದಲ್ಲಿ ಇನ್ನೊಂದು ಮಗು ಬೆಳೆಯೋದು ನಾವು ಕಾಣದ್ದಾ?"

"ಯಾರು ಹೇಳಿದ್ರು ಅಂತಾದ್ರೂ..."

"ಅದೆಲ್ಲ ಹೇಳೋ ಹಾಗಿಲ್ಲ. ಹೆರಿಗೇಲಿ ಜೊತೆಗಿದ್ದವರು, ಈ ದೇಶದ ಪೌರತ್ವ ಇರೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ, ಪ್ರಮಾಣ ಮಾಡಿ ಹೇಳ್ಲಿ. ಹೊಸ ಕಾನೂನು ಬರೋದ್ರೊಳಗೆ ಬನ್ನಿ. ಆಮೇಲೆ ನನ್ನ ಕೈಲೂ ಏನೂ ಇಲ್ಲ."

ವಿದ್ಲೀನ್ ಕಲ್ಲಿನ ಹಾಗೆ ನಿಂತಿದ್ದಳು. ಬೇರೆ ದಿನವಾಗಿದ್ದರೆ ಆ ಕಿತ್ತಳೆ ಉಗುರಿನವಳಿಗೆ ಇಂಗ್ಲಿಷಿನಲ್ಲಿ ನೀರಿಳಿಸುತ್ತಿದ್ದಳು. ಅಂದು ತುಟಿ ಬಿಚ್ಚಲಿಲ್ಲ.

ಅವತ್ತಿನಿಂದ ನನಗೆ ಒಂದೇ ಯೋಚನೆ, ಅಕ್ಕ. ಯಾರು ಹೇಳಿದರು? ನನ್ನ ಹುಡುಗಿ ಹೈಟಿಯಲ್ಲಿ ಹುಟ್ಟಿದವಳು ಅಂತ ಆ ಕಚೇರಿಯ ಕಿವಿಯಲ್ಲಿ ಊದಿದವರು ಯಾರು?

ಮೊದಲು ಮನೆಯೊಡತಿ ಮಿಸ್ ಯೂಲಾ ಮೇಲೆ ನನ್ನ ಕಣ್ಣು ಬಿತ್ತು. ಮನೆ ಖಾಲಿ ಮಾಡಿಸಿ ಅಣ್ಣನ ಮಗನಿಗೆ ಕೊಡುವ ಆಸೆ ಅವಳಿಗೆ. ಮಾತು ತೆಗೆಯೋಣ ಎಂದು ಒಂದು ತಟ್ಟೆ ಕಪ್ಪು ಅಣಬೆ ಅನ್ನ ತೆಗೆದುಕೊಂಡು ಹೋದೆ. ತಿಂದಳು, ಬೆರಳು ನೆಕ್ಕಿಕೊಂಡಳು, ಹೊಸ ಕಾನೂನಿನ ಸುದ್ದಿ ತಾನೇ ಎತ್ತಿದಳು.

"ನನಗೇನಮ್ಮ ಗೆರ್ದಾ, ಯಾವ ಕಾನೂನು ಬಂದ್ರೆ ಏನು? ನನ್ನ ಹೊಕ್ಕುಳಬಳ್ಳಿ ಇಲ್ಲೇ ಹೂತಿರೋದು. ನನ್ನನ್ನ ಯಾರು ಅಲ್ಲಾಡಿಸ್ತಾರೆ?"

"ಎಲ್ಲಿ, ಈ ಹಿತ್ತಲಲ್ಲೇನಾ? ಯಾವ ಮರದ ಕೆಳಗೆ?" ಎಂದು ಕೇಳಿಬಿಟ್ಟೆ.

ಬಿದ್ದು ಬಿದ್ದು ನಕ್ಕಳು. "ಮರಾನಾ! ಆಸ್ಪತ್ರೆಯವರು ಯಾವ ತಿಪ್ಪೆಗೆ ಎಸೆದ್ರೋ ಯಾರಿಗೆ ಗೊತ್ತು! ಹುಟ್ಟಿದೂರು ಯಾವುದು ಅನ್ನೋದಕ್ಕೆ ಹಾಗಂತೀವಿ ಕಣೆ, ಬರೀ ಮಾತಿಗೆ. ಒಳ್ಳೆ ಜನಾಪ್ಪ ನೀವು!"

ನೋಡಿದೆಯಾ ಇವರ ಬಾಳು? ಮಾತು ಉಳಿಸಿಕೊಂಡಿದ್ದಾರೆ, ಬಳ್ಳಿ ತಿಪ್ಪೆಗೆ ಹಾಕಿದ್ದಾರೆ. ನಾನು ಹಾಗೆ ಮಾಡಲಿಲ್ಲ. ವಿದ್ಲೀನ್‌ಳ ಹೊಕ್ಕುಳಬಳ್ಳಿ ಉದುರಿದಾಗ ಈ ಬಾಡಿಗೆ ಅಂಗಳದಲ್ಲಿ ಹೂಳಲು ನನಗೆ ಮನಸ್ಸೇ ಬರಲಿಲ್ಲ. ನಾಳೆ ಬುಲ್ಡೋಜರ್ ಬಂದು ಅಂಗಳವನ್ನೇ ಕೆರೆದು ಹಾಕಿದರೆ, ಬೇರು ಕಿತ್ತ ಮಗುವಿನ ಗತಿ ಏನು? ಪೌಡರ್ ಡಬ್ಬಿಯಲ್ಲಿಟ್ಟು ಊರಿಗೆ ಕಳಿಸಿದೆ. ನೀನೇ ಅಮ್ಮನ ಅಂಗಳದಲ್ಲಿ ಗುಂಡಿ ತೋಡಿ ಹೂತು, ಮೇಲೆ ದೀವಿಹಲಸಿನ ಸಸಿ ನೆಟ್ಟೆ. ಹುಟ್ಟುಹಬ್ಬ ಬಂದಾಗಲೆಲ್ಲ ಅವಳನ್ನು ಕೂರಿಸಿಕೊಂಡು ಆ ಕತೆ ಹೇಳುತ್ತೇನೆ, ನೀನು ಕಳಿಸಿದ ಮರದ ಫೋಟೋ ತೋರಿಸುತ್ತೇನೆ. ಚಿಕ್ಕವಳಿದ್ದಾಗ ಆ ಮರಕ್ಕೆ ಮುತ್ತು ಕೊಡುತ್ತಿದ್ದಳು.

ಮಿಸ್ ಯೂಲಾ ಅಲ್ಲ ಎನಿಸಿತು. ಅವಳಿಗೆ ದುರಾಸೆ ಇದೆ, ಗುಟ್ಟು ಇಟ್ಟುಕೊಳ್ಳುವ ತಾಳ್ಮೆ ಇಲ್ಲ. ಹೇಳಿದ್ದರೆ ನನ್ನೆದುರೇ ಹೇಳಿದ್ದೇನೆಂದು ಜಂಬ ಪಡುತ್ತಿದ್ದಳು.

ಆಮೇಲೆ ತೆರ್ಸೀಲಿಯಾ. ಹೌದು ಅಕ್ಕ, ನಮ್ಮ ತೆರ್ಸೀಲಿಯಾಳೇ, ವಿದ್ಲೀನ್‌ಗೆ ಜ್ಞಾನಸ್ನಾನದ ತಾಯಿಯಾಗಿ ನಿಂತು ನನಗೆ ಕೊಮೆಯಾದವಳು. ಬೈಯಬೇಡ, ಮೊದಲು ಕೇಳು. ಆ ಡಬ್ಬಿಯನ್ನು ಊರಿಗೆ ತಂದವಳು ಅವಳೇ ಅಲ್ಲವೆ? ಮಗು ಹುಟ್ಟಿದ ತಿಂಗಳೇ ಅವಳು ದೋಣಿ ಹತ್ತಿ ಹೈಟಿಗೆ ಹೋಗಿ ಬಂದದ್ದು ಎಲ್ಲರೂ ಕಂಡಿದ್ದಾರೆ. "ಬರುವಾಗ ಮಗು ತಂದೆ, ಗೆರ್ದಾಗೆ ಕೊಟ್ಟೆ" ಎಂದು ಅವಳು ಒಂದು ಮಾತು ಉದುರಿಸಿದರೆ ಸಾಕು, ನಂಬದವರಾರು? ಅವಳ ತಂಗಿಯ ಮಗಳೂ ಅರ್ಜಿ ಹಾಕಿದ್ದಳು. ಅವಳದ್ದು ಆಯಿತು, ನನ್ನ ಮಗಳದ್ದು ನಿಂತಿತು. ಇದಕ್ಕೇನನ್ನುತ್ತೀ? ಈಗ ತೆರ್ಸೀಲಿಯಾಳಿಗೆ ಪೌರತ್ವವೂ ಇದೆ, ಕಚೇರಿಯಲ್ಲಿ ಪರಿಚಯವೂ ಇದೆ. ಕೆಲಸದ ಮೇಲೆ ಕೆಲಸ, ನಮ್ಮನೆ ಕಡೆ ಬರುವುದೇ ಕಡಿಮೆ.

ಹೋದ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಸಿಕ್ಕಳು. ನಾನು ಹೆಸರು ಕೂಡ ಎತ್ತಲಿಲ್ಲ. "ಉಂಡ ಮನೆಗೆ ಎರಡು ಬಗೆಯೋರು ಇದ್ದಾರಪ್ಪ ಇಲ್ಲಿ," ಎಂದು ಗಾಳಿಗೆ ಹೇಳಿದೆ. ಅವಳು ಗಕ್ಕನೆ ತಿರುಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ!

"ಯಾರಿಗೆ ಹೇಳ್ತಿದೀಯೇ ಗೆರ್ದಾ?"

"ಯಾರಿಗೆ ತಾಗತ್ತೋ ಅವರಿಗೆ ಕೊಮೆ. ನನ್ನ ಮಗು ಹೈಟಿಯಲ್ಲಿ ಹುಟ್ಟಿದ್ದು ಅಂತ ಹೇಳಿದವರಿಗೆ."

ಅವಳ ಮುಖ ಬೂದಿಯಾಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದಳು. "ನಿನ್ನ ಬಾಯಿಗೆ ಮಣ್ಣು ಹಾಕ! ಆ ಮಗು ತಲೆ ಹೊರಗೆ ಬಂದಾಗ ನಿನ್ನ ಕೈ ಹಿಡ್ಕೊಂಡಿದ್ದೋಳು ಯಾರೇ? ಆ ದೋಣೀಲಿ ಕರುಳು ಕಿತ್ತು ಬರೋ ಹಾಗೆ ವಾಂತಿ ಮಾಡ್ಕೊಂಡ್ರೂ ಡಬ್ಬೀನ ಎದೆಯಿಂದ ಬಿಡ್ಲಿಲ್ಲ ನಾನು. ಲಂಗದ ಅಂಚಲ್ಲಿ ದುಡ್ಡು ಕಟ್ಟಿದ್ದೋರ ದುಡ್ಡು ಹೋಯ್ತು, ನಿನ್ನ ಮಗಳ ಬಳ್ಳಿ ಹೋಗ್ಲಿಲ್ಲ. ಇವತ್ತು ಎಲ್ಲರೆದುರು ನನ್ನನ್ನ ಚಾಡಿಕೋರಳು ಮಾಡ್ದೆ. ಸಾಕಮ್ಮ, ನಿನ್ನ ಋಣ ಮುಗೀತು."

ಹೋದಳು. ನಾನೂ ಗೆದ್ದವಳ ಹಾಗೆ ಮನೆಗೆ ಬಂದೆ. ಆ ಗೆಲುವು ಅನ್ನ ಬಡಿಸಿಕೊಳ್ಳುವವರೆಗೂ ಉಳಿಯಲಿಲ್ಲ. ಯಾಕೆಂದರೆ, ಅಕ್ಕ, ಹೆರಿಗೆಯ ಹೊತ್ತಲ್ಲಿ ನನ್ನ ಜೊತೆಗಿದ್ದವಳು ಅವಳೊಬ್ಬಳೇ. ವಿದ್ಲೀನ್‌ಳ ಅಪ್ಪ ಆಗ ಕಡಲಲ್ಲಿದ್ದ, ಈಗ ಮಣ್ಣಲ್ಲಿದ್ದಾನೆ. ಕಚೇರಿಯವರು ಕೇಳುವ ಸಾಕ್ಷಿ ಈ ಇಡೀ ದ್ವೀಪದಲ್ಲಿ ಯಾರಾದರೂ ಇದ್ದರೆ ಅದು ತೆರ್ಸೀಲಿಯಾ. ಚಾಡಿ ಹೇಳಿದವಳ ಕೈಯಲ್ಲೇ ಸಾಕ್ಷಿ ಹೇಳಿಸಬೇಕಾಗಿ ಬಂತಲ್ಲ ಎಂದು ಮೈ ಉರಿಯುತ್ತದೆ. ಅವಳು ಹೇಳದಿದ್ದರೆ ನಮಗೆ ಬೇರೆ ದಾರಿಯೇ ಇಲ್ಲ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ನೀನೇನಾದರೂ ಯಾರ ಹತ್ತಿರವಾದರೂ "ನನ್ನ ತಂಗಿಯ ಮಗಳು ಇಲ್ಲಿಯವಳೇ" ಎಂದು ಅಂದಿದ್ದೀಯಾ? ಎದೆ ಮುಟ್ಟಿಕೊಂಡು ಹೇಳು. ನಿನಗೆ ಮಾತು ಹೆಚ್ಚು.

ವಿದ್ಲೀನ್‌ಳ ಮೇಲೂ ನನಗೆ ಅನುಮಾನ, ಅದು ಬೇರೆ ತರಹದ್ದು. ಊಟ ಅರ್ಧಕ್ಕೇ ಬಿಡುತ್ತಾಳೆ. ನಾನು ಕೋಣೆಗೆ ಹೋದರೆ ಫೋನ್ ಬೋರಲು ಹಾಕುತ್ತಾಳೆ. ಮೊನ್ನೆ ತೆರ್ಸೀಲಿಯಾಳ ಜಗಳದ ಸುದ್ದಿ ಹೇಳಿದಾಗ ಎದ್ದು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಇದು ಖಂಡಿತ ಹುಡುಗನ ವಿಷಯವೇ. ಆ ಬ್ರೆಡ್ ವ್ಯಾನಿನವನು ದಿನಾ ನಮ್ಮ ಬಾಗಿಲಲ್ಲೇ ಯಾಕೆ ಹಾರ್ನ್ ಹೊಡೆಯಬೇಕು? ನಾನು ಕಣ್ಣಿಟ್ಟಿದ್ದೇನೆ.

ಎಕ್ಸಿಲ್ಯುಸಣ್ಣನ ಹತ್ತಿರ ಸೋಪು, ನಿನ್ನ ಮಂಡಿಗೆ ಮುಲಾಮು ಕಳಿಸಿದ್ದೇನೆ. ಅವನು ತಿರುಗಿ ಬರುವಾಗ ಒಣಗಿದ ಕಪ್ಪು ಅಣಬೆ ಕೊಟ್ಟು ಕಳಿಸು. ಅಮ್ಮನ ಗೋರಿಯ ಮೇಲೆ ನನ್ನ ಹೆಸರಲ್ಲಿ ಒಂದು ಮೇಣದ ಬತ್ತಿ ಹಚ್ಚು. ನಿನ್ನ ಮನೆಯ ಒಲೆ ಆರದಿರಲಿ, ನಿನ್ನ ಅಂಗಳಕ್ಕೆ ಬಂದ ಮಕ್ಕಳೆಲ್ಲ ಹೊಟ್ಟೆ ತುಂಬಿಕೊಂಡು ಹೋಗಲಿ, ದೇವರು ನಿನ್ನ ಮಂಡಿಗಳನ್ನು ಇನ್ನೂ ಬಹಳ ವರ್ಷ ನಡೆಸಲಿ.

ನಿನ್ನ ತಂಗಿ,
ಗೆರ್ದಾ

ತಾ.ಕ. ಮಂಗಳವಾರ ಬೆಳಿಗ್ಗೆ. ಅಂಟು ಹಚ್ಚಿದ್ದ ಲಕೋಟೆಯನ್ನು ನಾನೇ ಹರಿದು ಇದನ್ನು ಸೇರಿಸುತ್ತಿದ್ದೇನೆ. ಹೊಸ ಲಕೋಟೆ ಕಂಡು ಬೇರೆ ಅನುಮಾನ ಪಡಬೇಡ.

ಈಗಷ್ಟೇ ವಿದ್ಲೀನ್‌ಗೆ ಜಡೆ ಹೆಣೆಯುತ್ತಿದ್ದೆ. ನನ್ನ ಕಾಲುಗಳ ನಡುವೆ ನೆಲದ ಮೇಲೆ ಕೂತಿದ್ದಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ನಾನು ಸುಮ್ಮನಿರದೆ ತೆರ್ಸೀಲಿಯಾಳನ್ನು ಬೈಯುತ್ತಿದ್ದೆ.

"ಅಮ್ಮಾ, ಸಾಕು. ಅವರಲ್ಲ. ಹೇಳಿದ್ದು ನಾನು."

ಬಾಚಣಿಗೆ ಅಲ್ಲೇ ನಿಂತಿತು.

"ವಿಚಾರಣೆ ದಿನ ಒಳಗೆ ಒಬ್ಬರು ವಯಸ್ಸಾದ ಮೇಡಂ ಇದ್ರು. ನಾನು ಉತ್ತರ ಹೇಳೋದ್ರಲ್ಲಿ ತಡವರಿಸ್ತಿದ್ದೆ. ಅವರು ಫೈಲ್ ಮುಚ್ಚಿ, ನಕ್ಕೊಂಡು, 'ಹೆದರ್ಬೇಡ ಮಗೂ, ನಿನ್ನ ಹೊಕ್ಕುಳಬಳ್ಳಿ ಎಲ್ಲಿ ಹೂತಿದ್ದಾರೆ ಹೇಳು' ಅಂದ್ರು. ಅಷ್ಟು ಹೊತ್ತು ಕೇಳಿದ ಪ್ರಶ್ನೇಲಿ ನನಗೆ ಬಾಯಿಪಾಠ ಇದ್ದಿದ್ದು ಅದೊಂದೇ ಅಮ್ಮಾ. ಹೈಟಿಯಲ್ಲಿ, ಸೆಂ-ಲೂಯಿಯಲ್ಲಿ, ಅಜ್ಜಿ ಅಂಗಳದಲ್ಲಿ, ದೀವಿಹಲಸಿನ ಮರದ ಕೆಳಗೆ ಅಂದೆ. ಫೋನ್ ತೆಗೆದು ಮರದ ಫೋಟೋನೂ ತೋರಿಸ್ದೆ. ಅವರು ಬರ್ಕೊಂಡ್ರು. ಅವರು ಕೇಳಿದ್ದು ಏನು ಅಂತ ಬಸ್ಸಲ್ಲಿ ಬರೋವಾಗ ಹೊಳೀತು."

"ಇಲ್ಲಿಯವರು ಹುಟ್ಟಿದೂರಿಗೆ ಹಾಗಂತಾರೆ ಅಂತ ನಿನಗೆ ಗೊತ್ತಿರ್ಲಿಲ್ವೇನೇ?"

"ಗೊತ್ತಿತ್ತು. ಆದ್ರೆ ನಮ್ಮನೇಲಿ ಅದು ಬರೀ ಮಾತಲ್ವಲ್ಲ."

ಮಾಡದ ತಪ್ಪಿಗೆ ತೆರ್ಸೀಲಿಯಾಳ ಮಾನ ಕಳೆದೆನಲ್ಲ ಎಂಬುದು ಒಂದು ಕಡೆ. ನನ್ನ ಮಗು ಈ ದುಃಖವನ್ನು ಒಬ್ಬಳೇ ನುಂಗಿಕೊಂಡು ಓಡಾಡಿದಳಲ್ಲ, ನಾನು ಬ್ರೆಡ್ ವ್ಯಾನಿನ ಹುಡುಗನನ್ನು ಕಾಯುತ್ತಿದ್ದೆನಲ್ಲ ಎಂಬುದು ಇನ್ನೊಂದು ಕಡೆ. ಅವಳ ಬೈತಲೆಯ ಮೇಲೆ ನನ್ನ ಕಣ್ಣೀರು ಬಿತ್ತು. ಆಗ ಅವಳು ತಿರುಗಿ ನೋಡಿದಳು. ಕುಟುಕಲಿಕ್ಕೆ ಅಲ್ಲ ಅಕ್ಕ, ನಿಜವಾಗಿಯೂ ತಿಳಿಯದೆ ಕೇಳಿದಳು.

"ನಾನು ಹುಟ್ಟಿದ ತಿಂಗಳೇ ನೀನು ನನ್ನನ್ನ ಅಲ್ಲಿಗೆ ಕಳಿಸಿಬಿಟ್ಟಿದ್ದೀಯಲ್ಲಮ್ಮಾ. ಈಗ ಇವರು ಕಳಿಸ್ತೀವಿ ಅಂದ್ರೆ ಯಾಕೆ ಅಳ್ತೀಯ?"

ಎಕ್ಸಿಲ್ಯುಸಣ್ಣ ಹೊರಗೆ ಕೂಗುತ್ತಿದ್ದಾನೆ. ಈ ಕಾಗದ ಅವನ ಕೈಗಿತ್ತು ನೇರ ತೆರ್ಸೀಲಿಯಾಳ ಮನೆಗೆ ಹೋಗುತ್ತೇನೆ. ಬಾಗಿಲು ತೆಗೆಯುತ್ತಾಳೋ ಇಲ್ಲವೋ, ಮೆಟ್ಟಿಲ ಮೇಲೆ ಕೂತಿರುತ್ತೇನೆ. ಅವಳಿಗೆ ಹೇಳಬೇಕಾದ ಮಾತು ನನಗೆ ಗೊತ್ತು. ವಿದ್ಲೀನ್‌ಗೆ ಹೇಳಬೇಕಾದ ಮಾತು ಗೊತ್ತಿಲ್ಲ. ನೀನು ದೊಡ್ಡವಳು, ಏನಾದರೂ ತೋಚಿದರೆ ಬರೆದು ಕಳಿಸು. ಮತ್ತೆ ಈ ಕಾಗದವನ್ನು ಅಂಗಳದಲ್ಲಿ ಕೂತು ಓದಬೇಡ ಅಕ್ಕ, ಆ ಮರದ ಕೆಳಗಂತೂ ಬೇಡವೇ ಬೇಡ.