ಮುಳ್ಳು ಕಟ್ಟಿದ ಮನೆಯಲ್ಲಿ ನಮ್ಮ ಕಂಪನಿ

ನನ್ನ ಅತ್ತೆಗೆ,

ನಿನ್ನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಅಯ್ಯನೋರು ಪಂಚಾಂಗ ತೆಗೆದು, ಧನಿಷ್ಠಾ ನಕ್ಷತ್ರದಲ್ಲಿ ಜೀವ ಹೋಗಿದೆ ಎಂದರು. ಆರು ತಿಂಗಳು ಈ ಮನೆಯೊಳಗೆ ಯಾರೂ ಕಾಲಿಡಬಾರದು, ಇಟ್ಟರೆ ಇನ್ನೊಂದು ಹೆಣ ಬೀಳುತ್ತದೆ ಎಂದರು. ಅಪ್ಪ ತನ್ನ ಒಡಹುಟ್ಟಿದವಳ ಮನೆಗೆ ಬೀಗ ಹಾಕಿ ಬಾಗಿಲಿಗೆ ಜಾಲಿಮುಳ್ಳು ಕಟ್ಟಿದ. ನಾನೇನು ಮಾಡಿದೆ ಗೊತ್ತಾ? ನಕ್ಷತ್ರಕ್ಕೆ ಹೆದರಿ ಮನೆ ಬಿಡಬೇಡಿ ಎಂದು ಚನ್ನರಾಯನದುರ್ಗದ ಸಂತೆಯಲ್ಲಿ ಕರಪತ್ರ ಹಂಚಿದವಳು, ನಿನ್ನ ಜೊತೆಗಿದ್ದ ಮನೆಯಿಂದ ಬಟ್ಟೆಗಂಟು ಎತ್ತಿಕೊಂಡು ಸುಮ್ಮನೆ ಅಪ್ಪನ ಮನೆಗೆ ಹೋದೆ. ದುಃಖಕ್ಕೆ ಬಾಯಿ ಕಟ್ಟಿದೆ ಎಂದುಕೊಂಡೆ. ದುಃಖವೇ ಆಗಿತ್ತಾ ಅದು...

ಆ ಮನೆಯ ಗೋಡೆಗೆ ನೀನು ಕಂಪನಿಯ ಬೋರ್ಡು ಹೊಡೆದ ದಿನ ನೆನಪಾಗುತ್ತದೆ. ಹುಣಸೆಹಣ್ಣು ಬಡಿದು, ಬೀಜ ತೆಗೆದು ನಾವೇ ಮಾರುತ್ತೇವೆಂದು ಏಳು ಹೆಂಗಸರು ಸೇರಿ ಪ್ರೈವೇಟ್ ಲಿಮಿಟೆಡ್ ಮಾಡಿದಿರಿ. ಬಡವರು ಸಂಘ ಕಟ್ಟಬೇಕು, ಕಂಪನಿಯನ್ನಲ್ಲ ಎಂದು ನಾನು ಓದಿದ್ದನ್ನೆಲ್ಲ ನಿನ್ನ ಮುಂದೆ ಸುರಿದೆ. "ಯಾಕೆ, ಕಂಪ್ನಿ ಅಂದ್ರೆ ಕೋಟು ಹಾಕ್ಕಂಡೋರ್ದೇನಾ?" ಎಂದು ಮೊಳೆ ಹೊಡೆಯುತ್ತಲೇ ಕೇಳಿದೆ ನೀನು. ವ್ಯಾಪಾರ ಎರಡೇ ಸುಗ್ಗಿಗೆ ನಿಂತಿತು. ಮುಚ್ಚಿಬಿಡು ಎಂದವರ ಮಾತು ನೀನು ಕೇಳಲಿಲ್ಲ. ಕೊರಟಗೆರೆ ರಸ್ತೆಯ ಶೆಡ್ಡೂ ಜಾಗವೂ ಕಂಪನಿಯ ಹೆಸರಿನಲ್ಲಿದ್ದವು. ಮತ್ತೆ ಶುರುಮಾಡುವ ಕಾಲ ಬರುವವರೆಗೆ ಇರಲಿ ಎಂದು ನೀನೇ ಅದನ್ನು ಸುಪ್ತ ಕಂಪನಿ, ಅಂದರೆ ವ್ಯಾಪಾರವಿಲ್ಲದೆ ಹೆಸರು ಉಳಿಸಿಕೊಂಡದ್ದು, ಎಂದು ಸರ್ಕಾರದಲ್ಲಿ ಬರೆಸಿಟ್ಟೆ.

ನೀನು ಹೋಗಿ ತಿಂಗಳಾಗುವಷ್ಟರಲ್ಲಿ ಪೋಸ್ಟ್‌ಮ್ಯಾನ್ ದಾರಿಯಲ್ಲಿ ಸಿಕ್ಕ. ಕಂಪನಿಗೆ ಬಂದಿದ್ದ ರಿಜಿಸ್ಟರ್ಡ್ ಕಾಗದವನ್ನು, ಬಾಗಿಲಲ್ಲಿ ಮುಳ್ಳಿತ್ತೆಂದು ವಾಪಸ್ ಕಳಿಸಿದೆ ಅಂದ. ಸಿಕ್ಕ ಬಸ್ಸು ಹತ್ತಿ ಮಧುಗಿರಿಯ ಆಡಿಟರ್ ಹತ್ತಿರ ಓಡಿದೆ. "ಮಲಗಿರೋ ಕಂಪ್ನಿ ಉಸಿರಾಡ್ತಿದೆ ಅಂತ ನಾವೇ ತೋರಿಸ್ತಾ ಇರ್ಬೇಕಮ್ಮ" ಎಂದರು. ವ್ಯಾಪಾರ ಮಾಡುವಂತಿಲ್ಲ, ಆದರೂ ವರ್ಷಕ್ಕೊಮ್ಮೆ ವಿವರ ಸಲ್ಲಿಸಬೇಕಂತೆ. ಜೂನ್ ಮುಗಿಯುವುದರೊಳಗೆ ಒಂದು, ಆಮೇಲೆ ಡಿಸೆಂಬರ್ ಮುಗಿಯುವುದರೊಳಗೆ ಒಂದು ಸಭೆ ಆಗಬೇಕು, ಎರಡು ಸಭೆಗಳ ನಡುವೆ ತೊಂಬತ್ತು ದಿನವಾದರೂ ಇರಬೇಕು. ನಿರ್ದೇಶಕರು ಇಬ್ಬರು ಇರಲೇಬೇಕು. ಕಾಗದ ಬಂದರೆ ತೆಗೆದುಕೊಳ್ಳುವ ವಿಳಾಸ ಬೇಕು. ಐದು ವರ್ಷದಾಚೆಗೆ ಹೀಗೇ ಮಲಗಿಸಿಡುವಂತೆಯೂ ಇಲ್ಲ. ಇವು ತಪ್ಪುತ್ತಾ ಹೋದರೆ ನೋಟಿಸು ಕೊಟ್ಟು ಹೆಸರು ಹೊಡೆದುಹಾಕಬಹುದು, ಆಮೇಲೆ ಶೆಡ್ಡು ಸರ್ಕಾರದ ಪಾಲು. ಇಷ್ಟನ್ನೂ ನೀನೊಬ್ಬಳೇ ಸದ್ದಿಲ್ಲದೆ ಮಾಡುತ್ತಿದ್ದೆಯಲ್ಲ, ನನಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ನಾನು ಕೇಳುತ್ತಿದ್ದೆನಾ?

ನಿನ್ನ ಜೊತೆ ನಿರ್ದೇಶಕಿಯಾಗಿದ್ದ ಗಂಗಕ್ಕ ಈಗ ಒಬ್ಬಳೇ. ಅವಳು ನನ್ನನ್ನು ಸೇರಿಸಿಕೊಂಡು, ಜೂನ್ ಮುಗಿಯುವುದರೊಳಗೆ ಸಭೆ ನಡೆಸಿ ಬರೆಯಬೇಕಿತ್ತು. ಬರೆಯುವ ನಡಾವಳಿ ಪುಸ್ತಕ ನಿನ್ನ ಟ್ರಂಕಿನಲ್ಲಿ, ಟ್ರಂಕು ಮುಳ್ಳಿನ ಹಿಂದೆ. ಶೆಡ್ಡು ಹೋದರೆ ಹೋಗಲಿ, ಜೀವ ಮುಖ್ಯ ಎಂದು ಅಪ್ಪ ಕೂಗಾಡಿದ. ಜೂನ್ ಮುಗಿಯಲು ನಾಲ್ಕು ದಿನವಿದ್ದಾಗ ನಾನೇ ಬೀಗದ ಕೈ ತೆಗೆದುಕೊಂಡು ಗಂಗಕ್ಕನನ್ನು ಕರೆದೆ. ಬಂದಳು, ಆದರೆ ಜಗಲಿಯಿಂದ ಮುಂದಕ್ಕೆ ಬರಲಿಲ್ಲ. "ನಾನು ನಂಬ್ತೀನಿ ಕಣವ್ವ, ನೀನು ನಂಬಲ್ವಲ್ಲ. ನೀನೇ ಹೋಗು" ಅಂದಳು.

ಬೆಳಗಿನ ಹತ್ತು ಗಂಟೆ, ಹೊರಗೆ ಸುಡುಬಿಸಿಲು. ಮುಳ್ಳು ಸರಿಸಿ ಬೀಗ ತೆಗೆದೆ. ಒಳಗೆ ಹಗ್ಗದ ಮೇಲೆ ನಿನ್ನ ಸೀರೆ ಹಾಗೇ ಇತ್ತು. ಟ್ರಂಕಿನ ಮುಚ್ಚಳ ಎತ್ತಿದೆ. ಪುಸ್ತಕದ ಮೇಲೆ ನಿನ್ನ ಕನ್ನಡಕ. ಅಷ್ಟೇ ಅತ್ತೆ, ಅಲ್ಲಿದ್ದದ್ದು ಅಷ್ಟೇ. ಅಯ್ಯನೋರ ಮಾತು ಕಿವಿಯಲ್ಲೇ ಕೇಳಿದಂತಾಯಿತು. ಕೈ ಟ್ರಂಕಿನೊಳಗೇ ಉಳಿಯಿತು. ಪುಸ್ತಕ ಸಿಕ್ಕಿತಾ ಎಂದು ಗಂಗಕ್ಕ ಹೊರಗಿನಿಂದ ಕೇಳಿದಳು, ಮತ್ತೆ ಕೇಳಿದಳು. ಆಗ ಹೆಜ್ಜೆ ಸದ್ದು. ಹೊಸಿಲು ದಾಟಿದವರು ಸಾಯುತ್ತಾರೆಂದು ಮೂಳೆಯವರೆಗೂ ನಂಬಿದವಳು ಹೊಸಿಲು ದಾಟಿ ಬಂದು ನನ್ನ ಮುಂಗೈ ಹಿಡಿದಳು.

"ಬಾ ಆಚಿಗೆ. ಓದ್ಕಂಡಿರೋಳು ನೀನೇ ಇಂಗೆ ನಿಂತ್ಬುಟ್ರೆ ಹೆಂಗೆ?"

ಮುಳ್ಳನ್ನು ಮತ್ತೆ ಬಾಗಿಲಿಗೆ ಕಟ್ಟಿ, ಜಗಲಿಯ ಮೇಲೆ ಕುಳಿತು ಸಭೆ ನಡೆಸಿದೆವು. ಅವಳು ನನ್ನನ್ನು ನಿರ್ದೇಶಕಿ ಮಾಡಿದಳು. ಕಂಪನಿಯ ವಿಳಾಸವನ್ನು ಅವಳ ಮನೆಗೆ ಬದಲಾಯಿಸಿದೆವು. ನಾನು ಸಹಿ ಮಾಡಿದೆ, ಅವಳೂ ಮಾಡಿದಳು. ಪೆನ್ನಿನ ಮುಚ್ಚಳ ಹಾಕುತ್ತಾ, "ನಂಗೇನಾರ ಆದ್ರೆ ಬೇಗ್ನೆ ಇನ್ನೊಬ್ರನ್ನ ಸೇರಿಸ್ಕ. ಇಬ್ರು ಇರ್ಲೇಬೇಕಂತಲ್ಲ" ಅಂದಳು. ತಮಾಷೆಗೆ ಹೇಳಿದಳೋ ಎಂದು ಮುಖ ನೋಡಿದೆ. ಅಲ್ಲ.

ಆಡಿಟರ್ ಎಲ್ಲವನ್ನೂ ಆನ್‌ಲೈನಿನಲ್ಲಿ ಸಲ್ಲಿಸಿ, ವಾಪಸ್ ಹೋದ ಕಾಗದವನ್ನು ಹೊಸ ವಿಳಾಸಕ್ಕೆ ಕಳಿಸಿ ಎಂದೂ ಬರೆದಿದ್ದಾರೆ. ನಿನ್ನ ಬೋರ್ಡು ಈಗ ಗಂಗಕ್ಕನ ಗೋಡೆಯ ಮೇಲಿದೆ. ದಿನಾ ಬೆಳಿಗ್ಗೆ ಅದನ್ನು ಒರೆಸುವ ನೆಪದಲ್ಲಿ ಹೋಗುತ್ತೇನೆ. ನಕ್ಷತ್ರ ಯಾರನ್ನೂ ಕೊಲ್ಲುವುದಿಲ್ಲ ಎಂದು ಇವತ್ತೂ ವಾದ ಮಾಡಬಲ್ಲೆ. ಆದರೂ ಅವಳು ಎದ್ದು ಬಾಗಿಲಿಗೆ ನೀರು ಹಾಕಿದ್ದಾಳೋ ಇಲ್ಲವೋ ಎಂದು ಬೀದಿಯ ತುದಿಯಿಂದಲೇ ನೋಡುತ್ತೇನೆ. ಇವತ್ತು ಹಾಕಿದ್ದಳು. ಒಳಗೆ ಕೆಮ್ಮುತ್ತಿದ್ದಳು. ಹುಣಸೆ ಧೂಳಿನ ಹಳೆಯ ಕೆಮ್ಮು, ನಿನಗೂ ಗೊತ್ತಲ್ಲ... ಅದೇ ತಾನೇ?

ಮುಂದಿನ ಸಭೆ ಡಿಸೆಂಬರಿನೊಳಗೆ ಆಗಬೇಕು. ಅಷ್ಟರಲ್ಲಿ ಮುಳ್ಳು ತೆಗೆದಿರುತ್ತಾರೆ. ನಿನ್ನ ಜಗಲಿಯ ಮೇಲೇ ಕೂರುತ್ತೇವೆ ಅತ್ತೆ, ಇಬ್ಬರೂ. ಅವಳನ್ನು ನಾನೇ ಕೈ ಹಿಡಿದು ಕರೆತರುತ್ತೇನೆ.