ಕ್ರೇನಿನ ಮೇಲಕ್ಕೆ ಕೇಳುವ ಪುಟ್ಟ ಪದ

4 ಮಾರ್ಚ್ 1996, ಸೋಮವಾರ

ಟೆಲಿಫೋನ್ ಬೋರ್ಡಿನ ಮುಂದೆ ಕೂತು ಹೆಡ್‌ಫೋನ್ ಹಾಕಿಕೊಂಡದ್ದಷ್ಟೇ, ಇಂಗ್ಲೆಂಡಿನ ಕಾಲ್. ಪೀಣ್ಯದ ಪಂಪ್ ಫ್ಯಾಕ್ಟರಿಗೆ ಅಲ್ಲಿಂದ ಫೋನ್ ಬರುತ್ತದೆ, ಅದನ್ನು ಕ್ರೇನ್ ಈರಪ್ಪನ ಮಗಳು ಶಿವಲೀಲಾ ಎತ್ತುತ್ತಾಳೆ... ಇದನ್ನೇ ಇನ್ನೂ ನಂಬಲಾಗಿಲ್ಲ. ಆ ಹೆಂಗಸು ‘ಪುಟ್ ಮಿ ಥ್ರೂ’ ಎಂದಳು. ಪುಟ್ ಅಂದರೆ ಇಡು. ಇವಳನ್ನು ಎಲ್ಲಿ ಇಡಲಿ? ಪಕ್ಕದಲ್ಲಿ ಸೀನಿಯರ್ ದಿವ್ಯಾ ಬಾಯಿಗೆ ಕರ್ಚೀಫ್ ಅಡ್ಡ ಹಿಡಿದು ನಗು.

‘ಸಾಹೇಬ್ರಿಗೆ ಕನೆಕ್ಷನ್ ಕೊಡು ಅಂತಿದಾಳೆ ಕಣೇ. ಕೊಡು ಬೇಗ.’

ಮಧ್ಯಾಹ್ನ ಡಿಕ್ಷನರಿ ತೆಗೆದೆ. ಪುಟ್ ಆಫ್ — ಮುಂದೂಡು. ಪುಟ್ ಔಟ್ — ಬೆಂಕಿ ಆರಿಸು. ಪುಟ್ ಅಪ್ ವಿತ್ — ಸಹಿಸಿಕೋ. ಇರುವುದು ಒಂದೇ ಪುಟ್. ಬಾಲ ಬದಲಾದರೆ ಪ್ರಾಣಿಯೇ ಬೇರೆ. ಯಾರು ಕೂತು ಇದನ್ನೆಲ್ಲ ಮಾಡಿದರು? ಊಟ ತಣ್ಣಗಾದದ್ದೂ ತಿಳಿಯಲಿಲ್ಲ.

ಸಂಜೆ ಕ್ವಾರ್ಟರ್ಸಿಗೆ ಬಂದು ಅಪ್ಪನ ಮುಂದೆ ಗೋಳು ತೋಡಿಕೊಂಡೆ. ಜಾಲಹಳ್ಳಿ ಸರ್ಕಾರಿ ಕಾರ್ಖಾನೆಯಲ್ಲಿ ಎಷ್ಟೋ ವರ್ಷದಿಂದ ಕ್ರೇನ್ ನಡೆಸುತ್ತಿರುವವನು, ಅಲ್ಲಿ ಎಲ್ಲ ಇಂಗ್ಲಿಷಲ್ಲೇ.

‘ನನಗ ಅದರ ಗ್ರಾಮರ್ ಎಲ್ಲಿ ಗೊತ್ತವಾ,’ ಅಂದ. ‘ಮ್ಯಾಲ ಕ್ಯಾಬಿನ್ನಿನ್ಯಾಗ ಕುಂತ್ರ ಮೊದಲಿನ ಪದ ಕೇಳೂದೇ ಇಲ್ಲ. ಮಷೀನ್ ಸದ್ದಿನ್ಯಾಗ ಹೊಕ್ಕೈತಿ. ಕೆಳಗ ಮುನಿಯಣ್ಣ ಟೇಕ್ ಅಪ್ ಅಂದನೋ, ಲಿಫ್ಟ್ ಅಪ್ ಅಂದನೋ... ನನಗ ಅಪ್ ಅನ್ನೂದಷ್ಟ ಮುಟ್ಟತೈತಿ. ಅಷ್ಟ ಸಾಕು. ಎತ್ತತೀನಿ.’

ನಾನು ಬಾಲ ಅಂದುಕೊಂಡದ್ದು ಅಪ್ಪನಿಗೆ ತಲೆ!

6 ಮಾರ್ಚ್, ಬುಧವಾರ

ಬಸ್ಸಿನಲ್ಲಿ ನಿಂತು ಬರುವಾಗ ಹೊಳೆದದ್ದು, ಮರೆಯುವ ಮುಂಚೆ ಬರೆಯಬೇಕು. ಹೇಳು. ಹೇಳಿಕೊಡು ಅಂದರೆ ಕಲಿಸು. ಹೇಳಿಕೋ ಅಂದರೆ ದುಃಖ ಹಂಚಿಕೋ. ಹೇಳಿಬಿಡು ಅಂದರೆ ಮುಚ್ಚಿಡಬೇಡ. ಹೇಳಿಕಳಿಸು ಅಂದರೆ ಬರಲು ತಿಳಿಸು. ನಮ್ಮ ಬಾಯಲ್ಲೂ ಇದೇ ಇಂದ್ರಜಾಲ! ಹುಟ್ಟಿದಾಗಿನಿಂದ ಆಡುತ್ತಿದ್ದೇನೆ, ಒಂದು ದಿನವಾದರೂ ಬೆರಗಾಗಿರಲಿಲ್ಲ. ಮೈ ಜುಮ್ಮೆಂದಿತು. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದನಂತೆ.

19 ಮಾರ್ಚ್, ಮಂಗಳವಾರ. ಆಸ್ಪತ್ರೆ

ಬರೆಯಲು ಆಗಿರಲಿಲ್ಲ. ಅಪ್ಪನಿಗೆ ಲಕ್ವ ಹೊಡೆದಿದೆ. ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಾತಿಲ್ಲ. ಕಣ್ಣು ಬಿಡುತ್ತಾನೆ, ನಮ್ಮನ್ನು ನೋಡುತ್ತಾನೋ ಇಲ್ಲವೋ ಗೊತ್ತಾಗುವುದಿಲ್ಲ.

22 ಮಾರ್ಚ್, ಶುಕ್ರವಾರ

ಡಾಕ್ಟರ್ ಒಳ್ಳೆಯವರು, ಕೂತು ವಿವರಿಸಿದರು. ಎಡಗೈಯಲ್ಲಿ ಬಲವಿದೆ. ಆದರೆ ಹೇಳಿದ್ದು ತಿಳಿದು ಮಾಡಿದರೆ ಮಾತ್ರ ಫಿಸಿಯೋಥೆರಪಿ ಶುರು ಮಾಡಬಹುದು. ಸೋಮವಾರ ಮತ್ತೆ ನೋಡುತ್ತಾರೆ. ಆಗಲೂ ಹೀಗೇ ಇದ್ದರೆ ಮನೆಗೆ ಕರೆದುಕೊಂಡು ಹೋಗಿ, ಮಲಗಿಸಿ ನೋಡಿಕೊಳ್ಳಿ ಅಂದರು.

ಎಲ್ಲರೂ ಮಂಚ ಸುತ್ತಿಕೊಂಡೆವು. ಅವ್ವ ಬಲಗಡೆ, ‘ರೀ, ಕೈ ಎತ್ರಿ, ಒಂದ್ಸಲ ಎತ್ರಿ.’ ಸೋದರಮಾವ ಅಮರೇಶ ತಲೆಯ ಹತ್ತಿರ, ‘ಭಾವಾ, ಇಕಾ ಇಲ್ಲಿ ನೋಡ್ರಿ.’ ನಾನು ಎಡಗಡೆ. ನರ್ಸ್ ಬೇರೆ. ಅಪ್ಪ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ಕಣ್ಣು ಮುಚ್ಚಿಬಿಟ್ಟ.

‘ಅಕ್ಕಾ, ಅವರಿಗೇನೂ ತಿಳಿಯಾಂಗಿಲ್ಲ. ಊರಿಗೆ ಕರ್ಕೊಂಡು ಹೋಗೂಣು,’ ಅಂದ ಮಾವ. ಅವ್ವ ಅಪ್ಪನ ಹೊದಿಕೆ ಸರಿಮಾಡಿದಳು.

ಅಪ್ಪ ಒಳಗೆ ಇದ್ದಾನೋ ಇಲ್ಲವೋ — ನನಗೆ ಬೇಕಾದದ್ದು ಅದೊಂದೇ.

24 ಮಾರ್ಚ್, ಭಾನುವಾರ. ಮಧ್ಯಾಹ್ನ

ನಿಧಾನವಾಗಿ ಬರೆಯುತ್ತೇನೆ.

ಮುನಿಯಣ್ಣ ನೋಡಲು ಬಂದಿದ್ದರು. ಕ್ರೇನಿನ ಕೆಳಗೆ ನಿಂತು ಅಪ್ಪನಿಗೆ ಸಿಗ್ನಲ್ ಕೊಡುತ್ತಿದ್ದವರು. ನಾವು ಎಂದಿನಂತೆ ನಾಲ್ಕೂ ಕಡೆಯಿಂದ ಕೂಗುತ್ತಿದ್ದೆವು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು.

‘ಇದೇನ್ ತಾಯಿ, ಇಂಗೆ ಎಲ್ರೂ ಒಟ್ಗೆ ಕೂಗಿದ್ರೆ? ಕೆಳ್ಗಡೆ ಇಬ್ರು ಸಿಗ್ನಲ್ ಕೊಟ್ರೆ ಮೇಲಿರೋನು ಕಂಟ್ರೋಲಿಂದ ಕೈ ತೆಗ್ದುಬಿಡ್ಬೇಕು. ಇಲ್ದಿದ್ರೆ ಲೋಡು ಯಾರ್ದಾರಾ ತಲೆ ಮೇಲೆ ಬೀಳ್ತದೆ. ಈರಪ್ಪಣ್ಣ ಅಂಗೇ ಮಾಡ್ತಾವ್ರೆ ನೋಡು.’

ಎಲ್ಲರನ್ನೂ ಹೊರಗೆ ಕಳಿಸಿದರು. ನನ್ನನ್ನು ಮಾತ್ರ ಮೂಲೆಯಲ್ಲಿ ನಿಲ್ಲಲು ಬಿಟ್ಟರು, ಮಾತಾಡಕೂಡದು ಅಂದರು. ತಾವು ಮಂಚದ ಕಾಲ್ದೆಸೆಗೆ ಹೋಗಿ, ಅಪ್ಪನಿಗೆ ನೇರ ಕಾಣುವ ಹಾಗೆ ನಿಂತರು. ಸುಮ್ಮನೆ ನಿಂತರು. ಅಪ್ಪ ಕಣ್ಣು ತೆರೆಯುವವರೆಗೂ.

ಆಮೇಲೆ ತೋರುಬೆರಳು ಮೇಲೆತ್ತಿ ಗಿರ್ರನೆ ತಿರುಗಿಸಿದರು. ‘ಟೇಕ್ ಅಪ್, ಈರಪ್ಪಣ್ಣ. ಅಪ್.’

ಅಪ್ಪನ ಎಡಗೈ ಹೊಟ್ಟೆಯಿಂದ ಎದ್ದಿತು. ನಡುಗುತ್ತ, ಮೇಲಕ್ಕೆ.

‘ಹೋಲ್ಡ್ ಆನ್.’ ಅಂಗೈ ತೋರಿಸಿದರು. ಗಾಳಿಯಲ್ಲೇ ನಿಂತಿತು.

‘ಲೋಯರ್ ಡೌನ್. ಮೆಲ್ಲಗೆ.’ ಮೆಲ್ಲಗೆ ಇಳಿಯಿತು. ಗಾಜಿನ ಸಾಮಾನು ಇಳಿಸುವ ಹಾಗೆ.

ದೇವರೇ. ಅಪ್ಪ ಇದ್ದಾನೆ. ಅಷ್ಟು ದಿನ ತನ್ನ ಕೆಲಸದ ನೇಮ ಪಾಲಿಸುತ್ತ ಮಲಗಿದ್ದ, ನಾವು ಬುದ್ಧಿ ಹೋಯಿತು ಅಂದುಕೊಂಡಿದ್ದೆವು. ನಾನು ಗೋಡೆ ಹಿಡಿದು ಅತ್ತೆ. ಮುನಿಯಣ್ಣನೂ ಮುಖ ಆ ಕಡೆ ತಿರುಗಿಸಿಕೊಂಡರು.

25 ಮಾರ್ಚ್, ಸೋಮವಾರ

ಡಾಕ್ಟರ ಹಿಂದೆ ಒಂದು ಗುಂಪು. ಎಲ್ಲರೂ ಮಾತು. ಅಪ್ಪ ಕಣ್ಣು ಮುಚ್ಚಿದ. ನನಗೆ ಎಲ್ಲಿಂದ ಧೈರ್ಯ ಬಂತೋ, ‘ಸರ್, ದಯವಿಟ್ಟು ಒಬ್ಬರೇ ಮಾತಾಡಬೇಕು’ ಅಂದೆ. ಕಾರಣ ಹೇಳಿದೆ. ಅವರು ಮರುಮಾತಿಲ್ಲದೆ ಹಿಂದೆ ಸರಿದು ನನಗೆ ಜಾಗ ಬಿಟ್ಟರು.

ಅಪ್. ಆನ್. ಡೌನ್. ಮೂರನ್ನೂ ಮಾಡಿದ.

ನಾಳೆಯಿಂದ ಫಿಸಿಯೋಥೆರಪಿ. ಡಾಕ್ಟರು ಹೋಗುವಾಗ ಅಪ್ಪನ ಕೈ ಕುಲುಕಿದರು, ಎಡಗೈಯನ್ನೇ.

2 ಏಪ್ರಿಲ್, ಮಂಗಳವಾರ

ದನಿ ಬಂದಿದೆ! ಬೆಳಿಗ್ಗೆ ದಿಂಬು ಸರಿಸಲು ಹೋದರೆ ‘ಅಪ್’ ಅಂದ. ಆಮೇಲೆ ಫ್ಯಾನ್ ಕಡೆ ನೋಡಿ ‘ಆನ್’. ಹೊದಿಕೆ ‘ಆಫ್’. ದೊಡ್ಡ ಪದಗಳೆಲ್ಲ ಯಾವ ಸದ್ದಿನಲ್ಲಿ ಮುಳುಗಿವೆಯೋ. ಪುಟ್ಟವು ಮಾತ್ರ ಈಜಿ ದಡ ಮುಟ್ಟಿವೆ. ಉಳಿದದ್ದನ್ನು ನಾನು ಸೇರಿಸಿಕೊಳ್ಳುತ್ತೇನೆ. ಆಫೀಸಿನಲ್ಲಿ ದಿನವಿಡೀ ಇವನ್ನೇ ಆಡುತ್ತೇನೆ, ಹೋಲ್ಡ್ ಆನ್, ಹ್ಯಾಂಗ್ ಅಪ್. ಈಗ ಪ್ರತಿಸಲವೂ ಕೈಮುಗಿಯೋಣ ಅನ್ನಿಸುತ್ತದೆ.

7 ಏಪ್ರಿಲ್, ಭಾನುವಾರ

ನನ್ನ ಸಂಭ್ರಮದಲ್ಲಿ ಅವ್ವನನ್ನು ಮರೆತೇಬಿಟ್ಟಿದ್ದೆ. ಒಬ್ಬರೇ ಮಾತಾಡಬೇಕು ಅಂತ ಅವಳನ್ನು ದಿನವೂ ಬಾಗಿಲಾಚೆ ನಿಲ್ಲಿಸುತ್ತಿದ್ದೇನೆ. ಇವತ್ತು ಗಂಜಿ ಕಲಸುತ್ತ, ನನ್ನ ಮುಖ ನೋಡದೆ ಅಂದಳು:

‘ಇಷ್ಟ ವರ್ಷ ಬಾಳೇವು ಮಾಡೀನಿ. ನನ್ನ ಮಾತಿಗೆ ಕಣ್ಣು ಸೈತ ಎತ್ತವಲ್ಲರು. ನಿಮ್ಮ ಇಂಗ್ಲಿಷಿಗೆ ಕೈ ಎತ್ತತಾರ. ನನ್ನ ಗುರುತು ಐತೋ ಇಲ್ಲೋ, ಯಾರನ್ನ ಕೇಳ್ಲಿ?’

ನನಗೆ ಅಪ್ಪ ಸಿಕ್ಕ. ಅವಳಿಗೆ ಗಂಡ ಇನ್ನೂ ಸಿಕ್ಕಿಲ್ಲ.

8 ಏಪ್ರಿಲ್, ಸೋಮವಾರ

‘ಇನ್ನು ನೀನೇ ನಿಲ್ಲು,’ ಅಂದೆ. ‘ಆ ಅಪ್ಪು ಡೌನಿಗೆ ನನ್ನ ನಾಲಿಗಿ ಹೊಳ್ಳಾಂಗಿಲ್ಲವಾ,’ ಅಂದಳು. ಅದು ಬೇಡ, ನಿನ್ನ ಮಾತನ್ನೇ ಆಡು, ನಾನು ಹೊರಗಿರುತ್ತೇನೆ ಅಂದೆ. ನಿಂತಳು. ಏನೂ ಆಗಲಿಲ್ಲ. ನಾಳೆ ಮತ್ತೆ.

14 ಏಪ್ರಿಲ್, ಭಾನುವಾರ

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಅವ್ವ ಬೆಳಿಗ್ಗೆಯಿಂದ ಕಾಲ್ದೆಸೆಯಲ್ಲಿ ನಿಂತಿದ್ದಳು. ಬೇಡಿ ಬೇಡಿ ಸಾಕಾಗಿತ್ತೋ ಏನೋ, ಇವತ್ತು ಬಾಯಿ ಬಿಡಲಿಲ್ಲ. ಕೈಯಲ್ಲಿ ಅವನ ಗಂಜಿಯ ಬಟ್ಟಲು. ನಾನು ಬಾಗಿಲ ಪರದೆಯ ಆಚೆ. ಅಪ್ಪ ಅವಳನ್ನೇ ನೋಡಿದ. ಮುಖ, ಕೊರಳು, ಬಟ್ಟಲು, ಮತ್ತೆ ಮುಖ. ತುಟಿ ಸೊಟ್ಟಗಾಯಿತು, ಕೊರಳಿನ ನರ ಉಬ್ಬಿತು. ಅಪ್ ಅನ್ನುತ್ತಾನೆ ಅಂದುಕೊಂಡೆ.

‘ಉಂಡೀ?’ ಅಂದ.

ಅವ್ವ ಇಲ್ಲ ಅಂತ ತಲೆಯಾಡಿಸಿದಳು. ಬಟ್ಟಲು ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಎಡಗೈಯಿಂದ ಮಂಚದ ಅಂಚು ತಟ್ಟಿದ. ಅವಳು ಹೋಗಿ ಅಲ್ಲಿ ಕೂತಳು. ನಾನು ಪರದೆ ಬಿಟ್ಟು ಈಚೆ ಬಂದೆ.

ಈಗ ಒಳಗೆ ಅವ್ವ ಏನೋ ಹೇಳುತ್ತಿದ್ದಾಳೆ, ಎಷ್ಟೋ ದಿನದ್ದು, ತಡೆಯಿಲ್ಲದೆ. ನಡುನಡುವೆ ಅಪ್ಪನ ದನಿ, ಹೂಂ, ಹೂಂ ಅಂತ. ಮತ್ತೆ ಈಗ, ಅವಳ ಹೆಸರು ಹಿಡಿದು ಕರೆದ.