ಕೇಬಲ್ ಕಿತ್ತು ನೋಡಿದ ತಪ್ಪಿಗೆ

ತುರ್ತು ಸೇವಾ ಕೇಂದ್ರದ ತಂತ್ರಜ್ಞಾನ ವಿಭಾಗವನ್ನು ಆಳುತ್ತಿರುವ ಮಾನ್ಯ ನಿರ್ದೇಶಕರೇ,

ಕಳೆದ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ನಮ್ಮ ಆಂಬುಲೆನ್ಸ್ ಕರೆ ಕೇಂದ್ರದ ಪರದೆಗಳು ಹನ್ನೊಂದು ನಿಮಿಷ ಕದಲದೆ ನಿಂತವು. ಕಾರಣ ಹುಡುಕಲು ತಮಗೆ ಒಂದು ದಿನವೂ ಬೇಕಾಗಲಿಲ್ಲ. ನಾವೆಲ್ಲ ಕೇಬಲ್ ಮಾವ ಎಂದು ಕರೆಯುವ ಹಿರಿಯ ಕೆಲಸಗಾರರನ್ನು ಸಂಜೆಯೊಳಗೆ ಅಮಾನತು ಮಾಡಿದಿರಿ. ‘ಚಾಲನೆಯಲ್ಲಿದ್ದ ಕೇಬಲನ್ನು ಅನಧಿಕೃತವಾಗಿ ಕಿತ್ತ ಆರೋಪ’ ಎಂದು ನೋಟಿಸಿನಲ್ಲಿದೆ. ಬರುವ ಗುರುವಾರ ವಿಚಾರಣೆ. ಫಲಿತಾಂಶ ಈಗಾಗಲೇ ಟೈಪಾಗಿದೆ, ದಿನಾಂಕ ಮಾತ್ರ ಖಾಲಿ ಬಿಟ್ಟಿದೆ ಎಂದು ತಮ್ಮ ಕಚೇರಿಯವರೇ ಹೇಳುತ್ತಿದ್ದಾರೆ. ಇಷ್ಟು ಚುರುಕುತನವನ್ನು ತಾವು ಬೇರೆ ಯಾವ ಕಡತದಲ್ಲಾದರೂ ತೋರಿಸಿದ್ದುಂಟೇ?

ಹೌದು, ಅವರು ಕೇಬಲ್ ಕಿತ್ತರು. ಹನ್ನೊಂದು ವರ್ಷಗಳಿಂದ ಪ್ರತಿ ತಿಂಗಳ ಮೊದಲ ಸೋಮವಾರ ಕೀಳುತ್ತಲೇ ಬಂದಿದ್ದಾರೆ. ನಮ್ಮ ಮುಖ್ಯ ಸರ್ವರಿನಿಂದ ಹೊರಗೆ ಎರಡು ಕೇಬಲ್ ಹೋಗುತ್ತವೆ. ಒಂದು ಸತ್ತರೆ ಇನ್ನೊಂದು ಕೆಲಸ ಹೊತ್ತುಕೊಳ್ಳಬೇಕು. ಹೊತ್ತುಕೊಳ್ಳುತ್ತದೆಯೇ ಎಂದು ತಿಳಿಯಲು ಮಾವ ಕರೆ ಕಡಿಮೆಯಿರುವ ಹೊತ್ತು ನೋಡಿ, ಕರೆ ಕೊಠಡಿಗೆ ಮೊದಲೇ ಫೋನ್ ಮಾಡಿ ಹೇಳಿ, ಒಂದನ್ನು ಕೀಳುತ್ತಾರೆ. ಆಮೇಲೆ ನೋಯುವ ಮಂಡಿಯಲ್ಲೇ ಎರಡು ಮಹಡಿ ಹತ್ತಿ, ಆ ಕೊಠಡಿಯ ಬಾಗಿಲಲ್ಲಿ ನಿಂತು ಎಲ್ಲ ನಡೆಯುತ್ತಿದೆಯೇ ಎಂದು ಕೇಳುತ್ತಾರೆ. ಸರ್ವರ್ ಕೋಣೆಯ ಪರದೆಯಲ್ಲೇ ಹಸಿರು ದೀಪ ಕಾಣುತ್ತದಲ್ಲ ಎಂದು ನಾನೊಮ್ಮೆ ತಮಾಷೆ ಮಾಡಿದ್ದೆ. ಆಗ ಅವರು, “ದೀಪ ಹೇಳೋದು ದೀಪದ ಸಮಾಚಾರ ಕಣಪ್ಪ. ನನಗೆ ಬೇಕಾಗಿರೋದು ಅಲ್ಲಿ ಕೂತಿರೋರ ಸಮಾಚಾರ,” ಎಂದಿದ್ದರು. ಕರೆ ಕೊಠಡಿಯ ಮೇಲ್ವಿಚಾರಕಿ ನನ್ನ ಸ್ವಂತ ಅಕ್ಕ. ಪ್ರತಿ ಸಲದ ಹೊತ್ತು ಅವಳ ದಾಖಲೆ ಪುಸ್ತಕದಲ್ಲಿದೆ. ಹನ್ನೊಂದು ವರ್ಷ ಅಧಿಕೃತವಾಗಿದ್ದದ್ದು ಒಂದು ಸೋಮವಾರ ಹೇಗೆ ಅನಧಿಕೃತವಾಯಿತು, ಸ್ವಾಮಿ?

ಆದದ್ದನ್ನು ನಾನು ಹೇಳುತ್ತೇನೆ. ಆ ಸೋಮವಾರಕ್ಕೆ ಎರಡು ವಾರ ಮೊದಲು ತಾವೊಂದು ಸುತ್ತೋಲೆ ಹೊರಡಿಸಿದಿರಿ. ‘ದುಪ್ಪಟ್ಟು ಭದ್ರತಾ ಯೋಜನೆ’ ಎಂಬ ಭಾರಿ ಹೆಸರು. ಸಲಹೆಗಾರರು ಬಂದು ಬಣ್ಣಬಣ್ಣದ ಚಿತ್ರ ತೋರಿಸಿದರು, ತಾವು ತಲೆದೂಗಿದಿರಿ. ಈ ಬಹಿರಂಗ ಪತ್ರದ ಓದುಗರಿಗೆ ಇದನ್ನು ಸರಳವಾಗಿ ಹೇಳಬಹುದು. ನಮ್ಮ ದೊಡ್ಡ ಸರ್ವರ್ ಬಾಡಿಗೆದಾರರಿರುವ ಮನೆಯಂತೆ; ಅದರೊಳಗೆ ಹಲವು ವರ್ಚುವಲ್ ಯಂತ್ರಗಳು, ಎಂದರೆ ತಂತ್ರಾಂಶದಿಂದಲೇ ಕಟ್ಟಿದ ಕಂಪ್ಯೂಟರುಗಳು, ವಾಸವಾಗಿವೆ. ಬೀದಿಗೆ ಎರಡು ಬಾಗಿಲು. ಒಂದು ಮುಚ್ಚಿದರೆ ಎಲ್ಲರನ್ನೂ ಇನ್ನೊಂದರಿಂದ ಕಳಿಸುವ ಕೆಲಸ ಇಷ್ಟು ದಿನ ಮನೆಯದೇ ಆಗಿತ್ತು. ಸಲಹೆಗಾರರು ಬಾಡಿಗೆದಾರನ ಕೋಣೆಗೂ ಎರಡು ಬಾಗಿಲಿಟ್ಟರು. ಯಾವುದನ್ನು ಬಳಸಬೇಕೆಂದು ಇನ್ನು ಅವನೇ ತೀರ್ಮಾನಿಸಲಿ ಎಂದು, ಒಂದೊಂದು ಕೋಣೆಬಾಗಿಲಿಗೆ ಒಂದೊಂದು ಬೀದಿಬಾಗಿಲನ್ನು ಕಟ್ಟಿಹಾಕಿ, ಮನೆಯ ಹಳೆಯ ಏರ್ಪಾಟನ್ನು ಕಿತ್ತೊಗೆದರು. ಕೋಣೆಗೂ ಬೀದಿಗೂ ಎರಡೆರಡು ಬಾಗಿಲಾದರೆ ಭದ್ರತೆಯೂ ಎರಡರಷ್ಟು ಎಂಬುದು ಲೆಕ್ಕಾಚಾರ.

ಆದರೆ ಕೋಣೆಯ ಬಾಗಿಲು ತೆರೆಯುವುದು ಪಡಸಾಲೆಗೆ, ಬೀದಿಗಲ್ಲ. ಬೀದಿಬಾಗಿಲು ಮುಚ್ಚಿದ್ದು ಒಳಗಿನವನಿಗೆ ತಿಳಿಯುವುದಾದರೂ ಹೇಗೆ? ವರ್ಚುವಲ್ ಯಂತ್ರವನ್ನು ಜಾಲಕ್ಕೆ ಜೋಡಿಸುವ ಕಾರ್ಡುಗಳು ಲೋಹದವಲ್ಲ, ಬರೀ ಲೆಕ್ಕದವು. ಹೊರಗಿನ ಕೇಬಲ್ ಕಿತ್ತರೂ ಒಳಗೆ ಅವುಗಳ ದೀಪ ಹಸಿರಾಗಿಯೇ ಉರಿಯುತ್ತದೆ. ಆ ಸೋಮವಾರ ಆದದ್ದೂ ಇದೇ. ಒಳಗಿನ ಯಂತ್ರ ತನ್ನ ಮೊದಲ ದಾರಿ ಸರಿಯಿದೆಯೆಂದೇ ನಂಬಿ, ಸತ್ತ ಕೇಬಲಿಗೆ ಸಂದೇಶಗಳನ್ನು ಸುರಿಯುತ್ತ ಕುಳಿತಿತ್ತು. ಎರಡನೆಯ ಕೇಬಲ್ ಪಕ್ಕದಲ್ಲೇ ಕೆಲಸವಿಲ್ಲದೆ ನೇತಾಡುತ್ತಿತ್ತು. ದೂರದಲ್ಲಿರುವ ಯಾವುದಾದರೂ ಯಂತ್ರವನ್ನು ಆಗಾಗ ಕೂಗಿ, ಉತ್ತರ ಬರದಿದ್ದರೆ ದಾರಿ ಬದಲಿಸು ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆ ಸಾಲು ಬಣ್ಣದ ಚಿತ್ರದಲ್ಲಿ ಹಿಡಿಸಲಿಲ್ಲವೇನೋ.

ಆ ಹನ್ನೊಂದು ನಿಮಿಷಗಳಲ್ಲಿ ಏಳು ಕರೆ ಬಂದವು. ಯಾವ ಆಂಬುಲೆನ್ಸ್ ಎಲ್ಲಿದೆಯೆಂದು ಪರದೆ ತೋರಿಸುತ್ತಿರಲಿಲ್ಲ. ಅಕ್ಕ ಹಳೆಯ ಪಾಳಿಪಟ್ಟಿಯ ಬೆನ್ನಿಗೆ ವಿಳಾಸ ಬರೆದುಕೊಂಡು, ಚಾಲಕರಿಗೆ ಒಬ್ಬೊಬ್ಬರಿಗೇ ತನ್ನ ಮೊಬೈಲಿನಿಂದ ಫೋನ್ ಮಾಡಿದಳು. ಬಚ್ಚಲಲ್ಲಿ ಜಾರಿಬಿದ್ದ ತಾಯಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡ ಮಗಳೊಬ್ಬಳು, ಗಾಡಿ ಹೊರಟಿತೇ ಎಂದು ಮೂರು ಸಲ ಕೇಳಿದಳಂತೆ. ಹೊರಟಿದೆ ಎಂದು ಅಕ್ಕ ಮೂರು ಸಲವೂ ಸುಳ್ಳು ಹೇಳಿದಳು. ಆ ಸುಳ್ಳು ಅವಳಿಗೆ ಇಂದಿಗೂ ನಿದ್ದೆ ಕೊಡುತ್ತಿಲ್ಲ. ಯಾರೂ ಸಾಯಲಿಲ್ಲ ಎಂಬುದು ತಮ್ಮ ಯೋಜನೆಯ ಸಾಧನೆಯೇನಲ್ಲ. ಮಾವ ಎಂದಿನಂತೆ ಮೇಲೆ ಹತ್ತಿ ಬಂದರು, ಪರದೆಗಳನ್ನು ಕಂಡರು, ಬಂದ ಕಾಲಲ್ಲೇ ಓಡಿ ಕೇಬಲನ್ನು ಮತ್ತೆ ಸಿಕ್ಕಿಸಿದರು. ಅದೇ ಕೇಬಲನ್ನು ಒಂದು ರಜಾದಿನ ಇಲಿ ಕಡಿದಿದ್ದರೆ? ದೀಪಗಳೆಲ್ಲ ಹಸಿರಿರುವ ಕೋಣೆಗೆ ಅಂದು ಯಾರು ಓಡುತ್ತಿದ್ದರು, ತಾವೇ? ತಮ್ಮ ಯೋಜನೆಯ ತೂತನ್ನು ಹನ್ನೊಂದು ನಿಮಿಷದಲ್ಲಿ ತೋರಿಸಿಕೊಟ್ಟ ಮನುಷ್ಯನನ್ನು ತಾವು ಮನೆಗೆ ಕಳಿಸಿದ್ದೀರಿ.

ಬದಲಾವಣೆಯ ಸಂಗತಿ ಮಾವನಿಗೆ ಗೊತ್ತಿರಲಿಲ್ಲ. ‘ಕೇಬಲ್ ಸಿಬ್ಬಂದಿಗೆ ಅನ್ವಯಿಸದು’ ಎಂದು ಸುತ್ತೋಲೆಯಲ್ಲಿ ತಾವೇ ಬರೆದಿದ್ದಿರಿ. ಗೊತ್ತಿದ್ದವನು ನಾನು. ಸರ್ವರ್ ನೋಡಿಕೊಳ್ಳುವವನೂ ನಾನೇ. ಕೆಲಸ ಮುಗಿದ ದಿನ ತಮ್ಮ ಕಚೇರಿಯಿಂದ ಒಂದು ನಮೂನೆ ಬಂತು. ಊಟದ ಹೊತ್ತಿನೊಳಗೆ ಸಹಿ ಬೇಕೆಂದರು. ಪರದೆಯಲ್ಲಿ ಎರಡು ಹಸಿರು ದೀಪ ಕಂಡವು. ‘ಪರೀಕ್ಷಿಸಲಾಗಿದೆ’ ಎಂಬ ಮಾತಿನ ಕೆಳಗೆ ಸಹಿ ಹಾಕಿ ಊಟಕ್ಕೆ ಹೋದೆ. ಮಾವನಿಗೆ ಹೇಳಬೇಕೆಂಬುದು ಹೊಳೆಯಲೇ ಇಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಅಮಾನತಾದ ಮೇಲೆ ಅವರ ಮನೆಗೆ ಹೋಗಿದ್ದೆ. ಆ ಯೋಜನೆಯನ್ನೂ ತಮ್ಮನ್ನೂ ಬಾಯಿಗೆ ಬಂದಂತೆ ಬೈದೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

“ಸಹಿ ಹಾಕೋ ಮುಂಚೆ ಒಂದ್ಸಲ ಕಿತ್ತು ನೋಡಿದ್ಯಾ?”

“ಇಲ್ಲ ಮಾವ.”

“ಸರಿ ಬಿಡು,” ಎಂದು ಕಾಫಿ ಲೋಟ ನನ್ನ ಕಡೆ ಸರಿಸಿದರು. ನೋಟಿಸಿಗೆ ಅವರು ಕೊಟ್ಟ ಉತ್ತರವನ್ನು ಆಮೇಲೆ ಕಚೇರಿಯಲ್ಲಿ ಓದಿದೆ. ಕಿತ್ತದ್ದು ನಿಜ ಎಂದಷ್ಟೇ ಇದೆ. ನನ್ನ ಹೆಸರನ್ನು ಅವರು ಎಲ್ಲೂ ಎತ್ತಿಲ್ಲ.

ಆದ್ದರಿಂದ ಮಾನ್ಯರೇ, ನನ್ನದು ವಿನಂತಿಯಲ್ಲ, ಒತ್ತಾಯ. ಗುರುವಾರದ ಆರೋಪಪಟ್ಟಿಯಿಂದ ಮಾವನ ಹೆಸರನ್ನು ಹೊಡೆದುಹಾಕಿ. ಮುಂದಿನ ತಿಂಗಳ ಮೊದಲ ಸೋಮವಾರ ಅವರು ಕೆಲಸದಲ್ಲಿರಬೇಕು, ಕೇಬಲ್ ಕೀಳಬೇಕು. ಆ ಹೊತ್ತಿಗೆ ತಾವು ಅಕ್ಕನ ಪಕ್ಕದ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತು, ಬಂದ ಕರೆಗೆ ಉತ್ತರಿಸಬೇಕು. ಪಟ್ಟಿಯಲ್ಲಿ ಖಾಲಿಯಾದ ಜಾಗದಲ್ಲಿ ಮೊದಲು ನನ್ನ ಹೆಸರು ಬರೆಯಿರಿ. ಅದರ ಕೆಳಗೆ ತಮ್ಮ ಹೆಸರನ್ನು ತಾವೇ ಬರೆಯುತ್ತೀರೋ, ಗುರುವಾರ ಎಲ್ಲರೆದುರು ನಾನು ಬರೆಯಲೋ, ತಿಳಿಸಿ.

ಇಂತಿ,
ಕಿತ್ತು ನೋಡದೆ ‘ಪರೀಕ್ಷಿಸಲಾಗಿದೆ’ ಎಂದು ಸಹಿ ಹಾಕಿದವನು